ಒಂದೇ ಬೈಸಿಕಲ್ಲು, ಆರು ಋತು

ನಗರದ ಮನೆಗಳ ಮುಂದೆ ಸ್ಕೂಟರು, ಕಾರುಗಳು ಬಂದು ನಿಂತ ಮೇಲೆ ಬೈಸಿಕಲ್ಲಿನ ಕಾಲ ಮುಗಿಯಿತೆಂದೇ ಬಹುಮಂದಿ ಭಾವಿಸಿದ್ದರು. ಹಾಗಾಗಲಿಲ್ಲ. ಪೆಟ್ರೋಲಿನ ಬೆಲೆ, ರಸ್ತೆಯ ಸಂದಣಿ, ವೈದ್ಯರ ಬುದ್ಧಿವಾದ ಈ ಮೂರೂ ಕೂಡಿ ಆ ಸಾಧುವಾಹನವನ್ನು ಮರಳಿ ಮನೆಯ ಬಾಗಿಲಿಗೆ ಕರೆತಂದಿವೆ. ಕಚೇರಿಗೆ ಹೋಗುವವರು, ಕಾಲೇಜಿನ ಹುಡುಗ ಹುಡುಗಿಯರು, ರಜೆಯಲ್ಲಿ ಘಟ್ಟ ಹತ್ತಿಳಿಯುವ ಹುಮ್ಮಸ್ಸಿನ ತರುಣರು, ನಿವೃತ್ತರಾಗಿ ಬೆಳಗಿನ ಗಾಳಿಗೆ ಹೊರಡುವ ಹಿರಿಯರು ಎಲ್ಲರೂ ಇಂದು ಸೈಕಲ್ಲಿನ ಅಂಗಡಿಯ ಮುಂದೆ ನಿಲ್ಲುತ್ತಾರೆ. ನಿಂತ ಮೇಲೆ ಏನನ್ನು ನೋಡಬೇಕೆಂಬುದೇ ಪ್ರಶ್ನೆ.

ಸಾಮಾನ್ಯವಾಗಿ ಕೊಳ್ಳುವವರ ಕಣ್ಣು ಮೊದಲು ಬಣ್ಣದ ಮೇಲೆ, ಅನಂತರ ಗೇರುಗಳ ಸಂಖ್ಯೆಯ ಮೇಲೆ ಬೀಳುವುದು. ಆಮೇಲೆ ಒಂದೇ ಕೈಯಿಂದ ಬೈಸಿಕಲ್ಲನ್ನೆತ್ತಿ, "ಅಬ್ಬ, ಎಷ್ಟು ಹಗುರ!" ಎಂದು ಮೆಚ್ಚಿ ಹಣ ಎಣಿಸುವರು. ನಿಜಸ್ಥಿತಿ ತಿಳಿಯುವುದು ಮುಂಗಾರಿನ ಮೊದಲ ಮಳೆಗೆ. ಹಿಂದಿನ ಚಕ್ರ ಎರಚಿದ ಕೆಸರು ಕಚೇರಿಯ ಅಂಗಿಯ ಬೆನ್ನಿನ ಮೇಲೆ ಉದ್ದನೆಯ ಪಟ್ಟೆ ಎಳೆದಿರುವುದು. ಮಡ್‌ಗಾರ್ಡು ಹಾಕಿಸೋಣವೆಂದರೆ ಟೈರಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟೂ ಎಡೆಯಿಲ್ಲ. ಕ್ಯಾರಿಯರ್ ಕೂಡಿಸೋಣವೆಂದರೆ ತಿರುಪು ಹಾಕಲು ತೂತಿಲ್ಲ. ನಾಲ್ಕು ದಿನ ದೂರ ಹೋದರೆ ಬೆನ್ನು ಹಿಡಿಯುವುದು. ಕಡೆಗೆ ಅಷ್ಟು ಆಸೆಯಿಂದ ತಂದ ವಾಹನ ಒದ್ದೆ ಬಟ್ಟೆ ಹರವುವ ಕೋಲಾಗಿ ಮೂಲೆ ಸೇರುವುದು.

ಈ ನಷ್ಟಕ್ಕೆ ಕಾರಣ ಸಣ್ಣದೊಂದು ಮರೆವು. ಬೈಸಿಕಲ್ಲಿನಲ್ಲಿ ಟೈರು, ಸೀಟು, ಹ್ಯಾಂಡಲ್, ಪೆಡಲು, ಚೈನು, ಚಕ್ರ ಇವೆಲ್ಲವನ್ನೂ ಬೇಕೆಂದಾಗ ಬದಲಾಯಿಸಿಕೊಳ್ಳಬಹುದು. ಬದಲಾಯಿಸಲಾಗದುದು ಚೌಕಟ್ಟೊಂದೇ. ಅಂಗಡಿಯವರು ಅದನ್ನು ಫ್ರೇಮು ಎನ್ನುತ್ತಾರೆ. ಅದನ್ನು ಬದಲಾಯಿಸುವುದೆಂದರೆ ಬೈಸಿಕಲ್ಲನ್ನೇ ಬದಲಾಯಿಸಿದಂತೆ. ಆದಕಾರಣ ವಾರದ ದುಡಿಮೆಗೂ ರಜೆಯ ಪ್ರವಾಸಕ್ಕೂ, ಬಿಸಿಲಿಗೂ ಮಳೆಗೂ ಒಂದೇ ವಾಹನ ಸಾಕೆನ್ನುವ ಸಂಸಾರಸ್ಥರು ಮೊದಲು ಆರಿಸಬೇಕಾದುದು ಚೌಕಟ್ಟನ್ನು. ಆರಿಸುವಾಗ ಕೇಳಬೇಕಾದ ಪ್ರಶ್ನೆ "ಇದು ಎಷ್ಟು ಹಗುರ?" ಎಂದಲ್ಲ, "ಇದರಲ್ಲಿ ಎಷ್ಟಕ್ಕೆ ಅವಕಾಶವಿದೆ?" ಎಂದು.

ಹೆಸರು ಚೌಕಟ್ಟು, ಆಕಾರ ತ್ರಿಕೋನ

ಬೈಸಿಕಲ್ಲಿನ ಪೂರ್ವಜ 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ನಿರ್ಮಿಸಿದ ಮರದ ಓಟದ ಗಾಡಿ. ಅದಕ್ಕೆ ಪೆಡಲಿರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗಬೇಕಾಗಿತ್ತು. ಮುಂದೆ ಆಳೆತ್ತರದ ಮುಂಚಕ್ರದ ಗಾಡಿಗಳು ಬಂದು, ಬಿದ್ದವರ ಮೂಳೆ ಮುರಿದು, ಹಿಂದೆ ಸರಿದವು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಹೆಸರಿನ ಬೈಸಿಕಲ್ಲನ್ನು ಹೊರತಂದ. ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳು, ಚೈನಿನಿಂದ ತಿರುಗುವ ಹಿಂಚಕ್ರ, ನಡುವೆ ಕೂರುವ ಸವಾರ. ಇಂದಿನ ಬೈಸಿಕಲ್ಲಿನ ಮೂಲರೂಪ ಅದೇ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಆ ಶತಮಾನ ಮುಗಿಯುವ ಮೊದಲೇ ಚೌಕಟ್ಟಿನ ರೂಪ ನೆಲೆನಿಂತಿತು. ಅಂದಿನಿಂದ ಇಂದಿನವರೆಗೆ ಅದರ ಹೊರರೇಖೆ ಬದಲಾದುದು ಅತ್ಯಲ್ಪ.

ಹೆಸರು ಚೌಕಟ್ಟಾದರೂ ಅದರ ಜೀವಾಳ ತ್ರಿಕೋನ. ನಾಲ್ಕು ಪಟ್ಟಿಗಳನ್ನು ಚೌಕವಾಗಿ ಮೊಳೆ ಹೊಡೆದು ಒತ್ತಿದರೆ ಅದು ವಾಲುವುದು. ಮೂರು ಪಟ್ಟಿಗಳ ತ್ರಿಕೋನ ವಾಲದು. ಮನೆಯ ಹೆಂಚಿನ ಮಾಡನ್ನು ಕಟ್ಟುವ ಬಡಗಿ ಇದನ್ನು ಬಲ್ಲ. ಬೈಸಿಕಲ್ಲಿನಲ್ಲಿ ಸೀಟಿನ ಕೆಳಗಿನ ಕೊಳವೆ, ಮೇಲಿನ ಬಾರು, ಪೆಡಲಿನ ಕಡೆಗೆ ಇಳಿಯುವ ಓರೆಗೊಳವೆ ಇವು ಸೇರಿ ಮುಂದಿನ ತ್ರಿಕೋನವಾಗುತ್ತವೆ. ಸೀಟಿನಿಂದಲೂ ಪೆಡಲಿನ ಅಚ್ಚಿನಿಂದಲೂ ಹಿಂಚಕ್ರದ ಕಡೆಗೆ ಹೋಗುವ ಎರಡು ಜೋಡಿ ತೆಳುಗೊಳವೆಗಳು ಹಿಂದಿನ ತ್ರಿಕೋನವಾಗುತ್ತವೆ. ಒಳಗೆ ಟೊಳ್ಳು, ಹೊರಗೆ ಗಟ್ಟಿ. ಬಿದಿರಿಗೆ ಪ್ರಕೃತಿ ಕೊಟ್ಟ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ.

ಈ ಕೊಳವೆಗಳ ಉದ್ದ ಮತ್ತು ಓರೆಯಲ್ಲಿ ಬೈಸಿಕಲ್ಲಿನ ಸ್ವಭಾವವೆಲ್ಲ ಅಡಗಿದೆ. ಹ್ಯಾಂಡಲಿನ ಕೊಳವೆ ನೆಲದೊಡನೆ ಮಾಡುವ ಕೋನ ಪಂದ್ಯದ ಬೈಸಿಕಲ್ಲಿನಲ್ಲಿ ಸುಮಾರು 73 ಡಿಗ್ರಿ. ಅದು ಸವಾರನ ಸಣ್ಣ ಸನ್ನೆಗೂ ಥಟ್ಟನೆ ತಿರುಗುವುದು. ಪ್ರವಾಸದ ಬೈಸಿಕಲ್ಲಿನಲ್ಲಿ ಆ ಕೋನ 71 ಅಥವಾ 72 ಇದ್ದು, ಹೊರೆ ಹೊತ್ತಾಗಲೂ ನೇರ ನಡೆಯುವ ಗುಣ ಕೊಡುವುದು. ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿನವರೆಗಿನ ಕೊಳವೆ ಪಂದ್ಯದ ಬೈಸಿಕಲ್ಲಿನಲ್ಲಿ 41 ಸೆಂಟಿಮೀಟರಿನ ಆಸುಪಾಸು. ಪ್ರವಾಸದ ಬೈಸಿಕಲ್ಲಿನಲ್ಲಿ ಅದು 43ರಿಂದ 46 ಸೆಂಟಿಮೀಟರಿನವರೆಗೆ ಹೋಗುವುದು. ಈ ಎರಡು ಮೂರು ಸೆಂಟಿಮೀಟರಿನ ಬೆಲೆ, ಕ್ಯಾರಿಯರಿನ ಪಕ್ಕಕ್ಕೆ ತೂಗುಹಾಕಿದ ಚೀಲಕ್ಕೆ ತುಳಿತುಳಿತಕ್ಕೂ ಹಿಮ್ಮಡಿ ತಾಗಿದಾಗ ತಿಳಿಯುವುದು.

ರೋಡ್‌ಸ್ಟರು ಕಲಿಸಿದ ಪಾಠ

ನಮ್ಮ ನಾಡಿನ ಹಳೆಯ ಕಪ್ಪು ಬೈಸಿಕಲ್ಲು, ಅಂದರೆ ರೋಡ್‌ಸ್ಟರು, ಈ ದೃಷ್ಟಿಯಿಂದ ಬಹು ವಿವೇಕದ ಯಂತ್ರ. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸೈಕಲ್ಸ್ ಸ್ಥಾಪನೆಯಾದ ಮೇಲೆ ಅದು ಹಳ್ಳಿಹಳ್ಳಿಗೂ ತಲುಪಿತು. ಇಪ್ಪತ್ತೆಂಟು ಅಂಗುಲದ ಚಕ್ರ, ಒಂದೂವರೆ ಅಂಗುಲ ಅಗಲದ ಟೈರು, 70 ಡಿಗ್ರಿಗೂ ಕಡಿಮೆ ಓರೆಯ ಹ್ಯಾಂಡಲ್ ಕೊಳವೆ, ಉದ್ದನೆಯ ಹಿಂಭಾಗ. ಕಲ್ಲು ಗುಂಡಿಗಳ ದಾರಿಯಲ್ಲಿ ಅದು ದೋಣಿಯಂತೆ ತೇಲುತ್ತಿತ್ತು. ಮಡ್‌ಗಾರ್ಡು, ಚೈನಿನ ಪೆಟ್ಟಿಗೆ, ಕ್ಯಾರಿಯರ್, ಸ್ಟಾಂಡು ಎಲ್ಲಕ್ಕೂ ಅದರ ಚೌಕಟ್ಟಿನಲ್ಲಿ ಹುಟ್ಟಿನಿಂದಲೇ ಎಡೆಯಿತ್ತು. ಹಾಲಿನ ಕ್ಯಾನು, ಅಕ್ಕಿಯ ಮೂಟೆ, ಅಂಚೆಯ ಚೀಲ, ಹೆಂಡತಿ, ಮಗು ಎಲ್ಲವನ್ನೂ ಅದು ಹೊತ್ತಿತು.

ಅದರ ಕೊರತೆಗಳೂ ನಿಜ. ತೂಕ ಸುಮಾರು 20 ಕಿಲೋಗ್ರಾಂ. ಗೇರಿಲ್ಲದ ಕಾರಣ ಏರಿನಲ್ಲಿ ಇಳಿದು ತಳ್ಳಬೇಕು. ಉಕ್ಕಿನ ರಿಮ್ಮಿಗೆ ರಬ್ಬರಿನ ತುಂಡು ಒತ್ತುವ ಅದರ ಬ್ರೇಕು ಮಳೆಯಲ್ಲಿ ನೆನೆದಾಗ ಹಿಡಿತ ಕಳೆದುಕೊಳ್ಳುವುದು. ಇಂದಿನವರು ರೋಡ್‌ಸ್ಟರಿನ ಔದಾರ್ಯವನ್ನು ಉಳಿಸಿಕೊಂಡು ಈ ಕೊರತೆಗಳನ್ನು ನೀಗಿದ ಚೌಕಟ್ಟನ್ನು ಹುಡುಕಬೇಕು.

ಇಂಗ್ಲೆಂಡು, ಫ್ರಾನ್ಸುಗಳ ಅನುಭವ

ಒಂದೇ ಚೌಕಟ್ಟಿನಿಂದ ಎಲ್ಲ ಕೆಲಸ ಸಾಧಿಸುವುದು ಹೊಸ ಮಾತಲ್ಲ. ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಇಂಗ್ಲೆಂಡಿನ ಸೈಕಲ್ ಸಂಘಗಳ ಸದಸ್ಯರಲ್ಲಿ ಹಲವರು ಕಾರ್ಖಾನೆಯ ಕೂಲಿಗಳು, ಗುಮಾಸ್ತೆಗಳು. ಎರಡು ಬೈಸಿಕಲ್ಲು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ವಾರವೆಲ್ಲ ಕೆಲಸಕ್ಕೆ ಹೋಗುತ್ತಿದ್ದ ಬೈಸಿಕಲ್ಲಿಗೇ ಪಂದ್ಯದ ಹಗುರ ಚಕ್ರಗಳನ್ನು ಮುಂದಿನ ಅಚ್ಚಿನ ಇಬ್ಬದಿಗೂ ಕಟ್ಟಿಕೊಂಡು, ಪಂದ್ಯದ ಸ್ಥಳ ಸೇರಿ, ಅಲ್ಲಿ ಚಕ್ರ ಬದಲಾಯಿಸಿ, ಮಡ್‌ಗಾರ್ಡು ಕಳಚಿ, ಸ್ಪರ್ಧಿಸಿ, ಅದೇ ಬೈಸಿಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದರು. ಚಳಿಗಾಲ ಬಂದರೆ ಮಡ್‌ಗಾರ್ಡು ಮತ್ತೆ ಏರುತ್ತಿತ್ತು. ಬಿಡಿಭಾಗಗಳು ಋತುವಿಗೆ ತಕ್ಕಂತೆ ಬಂದು ಹೋಗುತ್ತಿದ್ದವು; ಚೌಕಟ್ಟು ಮಾತ್ರ ವರ್ಷವೆಲ್ಲ ಅದೇ.

ಆ ಚೌಕಟ್ಟುಗಳಲ್ಲಿ ಬಹು ಹೆಸರು ಪಡೆದುದು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆ 1935ರಲ್ಲಿ ಹೊರತಂದ ‘531’ ಎಂಬ ಉಕ್ಕಿನ ಕೊಳವೆ. ಉಕ್ಕಿಗೆ ಮ್ಯಾಂಗನೀಸ್, ಮಾಲಿಬ್ಡಿನಂ ಸೇರಿಸಿ ಮಾಡಿದ ಮಿಶ್ರಲೋಹ ಅದು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ಆಯಾಸ ಕಡಿಮೆಯಿರುವ ನಡುವಿನಲ್ಲಿ ತೆಳು ಎಂಬಂತೆ ಕೊಳವೆಯನ್ನು ರೂಪಿಸುವ ವಿಧಾನಕ್ಕೆ ಅದೇ ಮನೆತನದವರು 1897ರಲ್ಲಿಯೇ ಪೇಟೆಂಟು ಪಡೆದಿದ್ದರು. ಬಲ ಕುಂದದೆ ತೂಕ ಇಳಿಸುವ ಉಪಾಯ ಅದು.

ಫ್ರಾನ್ಸಿನಲ್ಲಿ ಈ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ದೂರದ ಸವಾರಿ ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. ಸುಮಾರು 1,200 ಕಿಲೋಮೀಟರನ್ನು 90 ಗಂಟೆಗಳೊಳಗೆ, ಹಗಲಿರುಳೆನ್ನದೆ, ಮಳೆ ಚಳಿಗಳೆನ್ನದೆ ಕ್ರಮಿಸಬೇಕು. ಭಾರತದಿಂದಲೂ ಸವಾರರು ಅಲ್ಲಿಗೆ ಹೋಗುವುದುಂಟು. ಇಂಥ ಸವಾರಿಗಾಗಿ ರೆನೆ ಎರ್ಸ್, ಅಲೆಕ್ಸ್ ಸಿಂಜೆ ಮೊದಲಾದ ಕುಶಲಿಗಳು ಮಡ್‌ಗಾರ್ಡು, ದೀಪ, ಕ್ಯಾರಿಯರುಗಳನ್ನು ಚೌಕಟ್ಟಿನೊಡನೆಯೇ ಯೋಚಿಸಿ ಕಟ್ಟಿದರು. ಆಮೇಲೆ ತುರುಕಿದ ಸಾಮಾನು ಗಲಗಲ ಸದ್ದು ಮಾಡುವುದು. ಮೊದಲೇ ಯೋಚಿಸಿದ್ದು ಮೈಗೆ ಹತ್ತಿದಂತಿರುವುದು.

‘ರೋಜ್’ ಎಂಬ ಸಂಗಾತಿ

ಐರ್ಲೆಂಡಿನ ಡರ್ವ್ಲಾ ಮರ್ಫಿಯವರ ಕಥೆ ಇಲ್ಲಿ ನೆನೆಯತಕ್ಕದ್ದು. ಹತ್ತನೆಯ ಹುಟ್ಟುಹಬ್ಬಕ್ಕೆ ಅವರಿಗೆ ಒಂದು ಬೈಸಿಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದವು. ಬೈಸಿಕಲ್ಲಿನಲ್ಲಿಯೇ ಭಾರತಕ್ಕೆ ಹೋಗುವೆನೆಂದು ಆ ಹುಡುಗಿ ಅಂದೇ ನಿಶ್ಚಯಿಸಿದಳು. ಸಂಕಲ್ಪ ನೆರವೇರಿದುದು 1963ರಲ್ಲಿ. ಜನವರಿಯ ಘೋರ ಚಳಿಯಲ್ಲಿ, ಯೂರೋಪೆಲ್ಲ ಹಿಮದಲ್ಲಿ ಹೂತಿದ್ದಾಗ, ಒಂಟಿಯಾಗಿ ಹೊರಟ ಆಕೆ ತುರ್ಕಿ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ನಡುಬೇಸಗೆಯ ಉರಿಯನ್ನೂ ಉಂಡು ದೆಹಲಿ ಸೇರಿದರು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿನಿಂದ ‘ರೋಜ್’ ಎಂದು ಕರೆಯುತ್ತಿದ್ದ ಅವರ ವಾಹನ ಯಾವ ವೈಭವವೂ ಇಲ್ಲದ, ಗಂಡಸರ ಉಕ್ಕಿನ ಬೈಸಿಕಲ್ಲು. ನಾಜೂಕಾದ ಗೇರು ಏಷ್ಯದ ದಾರಿಗಳನ್ನು ತಾಳದೆಂದು ಹೊರಡುವ ಮುನ್ನವೇ ಅದನ್ನು ಕಳಚಿಸಿದ್ದರು. ಅದೇ ಮಹಿಳೆ ಹತ್ತು ವರ್ಷಗಳ ತರುವಾಯ ಪುಟ್ಟ ಮಗಳೊಡನೆ ಕೊಡಗಿಗೆ ಬಂದು ನೆಲೆಸಿ, ಆ ವಾಸದ ಕುರಿತು ಪುಸ್ತಕ ಬರೆದರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಅವರಿಗಿಂತ ನಾಲ್ಕು ದಶಕ ಮೊದಲೇ, 1923ರಲ್ಲಿ, ಮುಂಬಯಿಯಿಂದ ಹೊರಟ ಪಾರಸಿ ತರುಣರಲ್ಲಿ ಮೂವರು ಭೂಮಂಡಲವನ್ನು ಸುತ್ತಿ 1928ರಲ್ಲಿ ಮರಳಿದ್ದರು. ಇವರಾರ ಬಳಿಯೂ ಹಗುರವಾದ ಅದ್ಭುತ ಯಂತ್ರವಿರಲಿಲ್ಲ. ಹೊರೆ ಹೊರಬಲ್ಲ, ಮುರಿದರೆ ದಾರಿಯ ಕಮ್ಮಾರನೂ ಸರಿಪಡಿಸಬಲ್ಲ ಚೌಕಟ್ಟುಗಳಿದ್ದವು.

ಉಕ್ಕೋ, ಅಲ್ಯೂಮಿನಿಯಮ್ಮೋ?

ಇಂದು ಅಂಗಡಿಯಲ್ಲಿ ಉಕ್ಕು, ಅಲ್ಯೂಮಿನಿಯಂ, ಕಾರ್ಬನ್ ನಾರು, ಟೈಟೇನಿಯಂ ಎಂಬ ನಾಲ್ಕು ಬಗೆಯ ಚೌಕಟ್ಟುಗಳುಂಟು. ಅಲ್ಯೂಮಿನಿಯಮ್ಮಿನ ತೂಕ ಉಕ್ಕಿನ ಮೂರನೆಯ ಒಂದು ಪಾಲು. ಅದರ ಬಿಗುವೂ ಹೆಚ್ಚುಕಡಿಮೆ ಮೂರನೆಯ ಒಂದೇ ಪಾಲು. ಈ ಕೊರತೆಯನ್ನು ತುಂಬಲು ಅದರ ಕೊಳವೆಗಳನ್ನು ದಪ್ಪನಾಗಿ ಮಾಡುವರು. ಅದು ಉಕ್ಕಿನಂತೆ ತುಕ್ಕು ಹಿಡಿಯದು, ಬೆಲೆಯೂ ಎಟುಕುವಂಥದು. ಆದರೆ ಸೀಳು ಬಿಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಸರಿಯಾಗಿ ಬೆಸೆಯುವುದು ಕಷ್ಟ. ಉಕ್ಕು ಒಂದು ಮಿತಿಯೊಳಗಿನ ಅಲುಗಾಟವನ್ನು ಎಷ್ಟು ಲಕ್ಷ ಬಾರಿಯಾದರೂ ಸಹಿಸುವುದು. ಅಲ್ಯೂಮಿನಿಯಮ್ಮಿಗೆ ಅಂಥ ಸುರಕ್ಷಿತ ಮಿತಿಯಿಲ್ಲ, ಆದ್ದರಿಂದ ತಯಾರಕರು ಅದಕ್ಕೆ ಹೆಚ್ಚು ಲೋಹ ಕೊಟ್ಟು ಆಯುಷ್ಯ ಬೆಳೆಸುವರು. ಕಾರ್ಬನ್ ನಾರಿನ ಚೌಕಟ್ಟು ಬಹು ಹಗುರ, ಬಹು ಬಲ. ಆದರೆ ಕಲ್ಲಿನ ಪೆಟ್ಟಿಗೆ, ಅತಿಯಾಗಿ ಬಿಗಿದ ಹಿಡಿಕೆಗೆ ಅದು ಅಂಜುವುದು. ಟೈಟೇನಿಯಮ್ಮಿಗೆ ತುಕ್ಕಿಲ್ಲ, ಬಾಳಿಕೆ ಹೆಚ್ಚು. ಬೆಲೆ ಮಾತ್ರ ಸಂಸಾರಸ್ಥರ ಕೈಗೆ ನಿಲುಕದು.

ಎಲ್ಲ ಕೆಲಸಕ್ಕೂ ಒಂದೇ ಎನ್ನುವವರಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಚೌಕಟ್ಟು ಉತ್ತಮ. ಅದು ಸಿಗದಿದ್ದಲ್ಲಿ ಅಥವಾ ಕೊಳ್ಳುವ ಮೊತ್ತ ಅಲ್ಪವಾದಲ್ಲಿ ಒಳ್ಳೆಯ ಅಲ್ಯೂಮಿನಿಯಮ್ಮಿನದು. ಒಂದೆರಡು ಕಿಲೋಗ್ರಾಮಿನ ಅಂತರಕ್ಕಾಗಿ ಚಿಂತಿಸಬೇಕಾದುದಿಲ್ಲ. ಟಿಫಿನ್ ಡಬ್ಬಿ, ನೀರಿನ ಸೀಸೆ, ಮಳೆಯ ಕೋಟು ಸೇರಿದರೆ ಅಷ್ಟೇ ತೂಕವಾಗುವುದು.

ಎಡೆಯಿರಲಿ, ತೂತಿರಲಿ

ಚೌಕಟ್ಟಿನ ಔದಾರ್ಯವನ್ನು ಅಳೆಯುವ ಮೊದಲ ಗುರುತು ಟೈರಿನ ಸುತ್ತ ಬಿಟ್ಟಿರುವ ಎಡೆ. ಪಂದ್ಯದ ಬೈಸಿಕಲ್ಲಿಗೆ 25 ಮಿಲಿಮೀಟರಿನ ಟೈರು ಸಾಕು. ಗುಂಡಿಬಿದ್ದ ಬೀದಿಗೂ ಘಟ್ಟದ ದಾರಿಗೂ 35ರಿಂದ 40 ಮಿಲಿಮೀಟರಿನ ಟೈರು ಹಿತ. ಆ ಟೈರು ಹಾಕಿದ ಮೇಲೆಯೂ ಮಡ್‌ಗಾರ್ಡಿಗೆ ಸ್ಥಳ ಉಳಿದಿರಬೇಕು. ಅಗಲವಾದ ಟೈರು ತಾನೇ ಸ್ಪ್ರಿಂಗಿನ ಕೆಲಸ ಮಾಡುವುದು. ಕಡಿಮೆ ಬೆಲೆಯ ಬೈಸಿಕಲ್ಲುಗಳ ಮುಂದಿನ ಫೋರ್ಕಿನಲ್ಲಿ ಕಾಣುವ ಸ್ಪ್ರಿಂಗು ನಗರದ ಸವಾರನಿಗೆ ತೂಕವಲ್ಲದೆ ಮತ್ತೇನನ್ನೂ ಹೆಚ್ಚಾಗಿ ಕೊಡದು.

ಎರಡನೆಯ ಗುರುತು ತಿರುಪಿನ ತೂತುಗಳು. ಹಿಂದಿನ ಅಚ್ಚಿನ ಬಳಿ ಎರಡೂ ಪಕ್ಕಕ್ಕೆ ಎರಡೆರಡು ಇದ್ದರೆ ಉತ್ತಮ: ಒಂದು ಮಡ್‌ಗಾರ್ಡಿಗೆ, ಒಂದು ಕ್ಯಾರಿಯರಿಗೆ. ಸೀಟಿನ ಕೆಳಗೂ, ಮುಂದಿನ ಫೋರ್ಕಿನಲ್ಲೂ, ನೀರಿನ ಸೀಸೆ ಕೂರಿಸುವಲ್ಲೂ ತೂತುಗಳಿರಬೇಕು. ಐದು ಮಿಲಿಮೀಟರಿನ ಈ ಪುಟ್ಟ ತೂತುಗಳನ್ನು ಕೊಂಡ ಮೇಲೆ ಕೊರೆಸಲು ಹೋದರೆ ಕೊಳವೆಯೇ ಕೆಡುವುದು.

ಮೂರನೆಯದು ಬ್ರೇಕು ಹಾಗೂ ಗೇರಿನ ನೆಲೆ. ಮಳೆಯಲ್ಲಿ ಭರವಸೆ ಕೊಡುವ ಡಿಸ್ಕ್ ಬ್ರೇಕು ಬೇಕೆನಿಸಿದರೆ ಅದನ್ನು ಹಿಡಿಯುವ ಕಟ್ಟು ಚೌಕಟ್ಟಿನಲ್ಲೂ ಫೋರ್ಕಿನಲ್ಲೂ ಮೊದಲೇ ಇರಬೇಕು. ಇಂದು ಗೇರು ಬೇಡವಾದರೂ ನಾಳೆ ನಂದಿಬೆಟ್ಟದ 1,478 ಮೀಟರಿನ ನೆತ್ತಿಗೋ ಆಗುಂಬೆಯ ತಿರುವುಗಳಿಗೋ ಮನಸ್ಸು ಎಳೆದೀತು. ಆಗ ಗೇರು ತೂಗುವ ಕಿವಿಯಿಲ್ಲದ ಚೌಕಟ್ಟು ಕೈಕೊಡುವುದು.

ಮೈಗೊಪ್ಪುವ ಅಳತೆ

ಇಷ್ಟೆಲ್ಲ ಇದ್ದೂ ಅಳತೆ ತಪ್ಪಿದರೆ ಎಲ್ಲವೂ ವ್ಯರ್ಥ. ಮನೆಯಲ್ಲಿಯೇ ಅಳೆಯುವ ವಿಧಾನ ಸುಲಭವಾದುದು. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಬೇಕು. ನೇರ ಬಾರಿನ ಚೌಕಟ್ಟಾದರೆ ಸೀಟಿನ ಕೊಳವೆಯ ಉದ್ದ ಈ ಅಳತೆಯ ಮೂರನೆಯ ಎರಡು ಪಾಲಿನಷ್ಟಿದ್ದರೆ ಸರಿ. ಉದಾಹರಣೆಗೆ 78 ಸೆಂಟಿಮೀಟರಿನವರಿಗೆ 52. ಹಿಂದಕ್ಕೆ ಇಳಿಜಾರಾದ ಬಾರುಳ್ಳ ಇಂದಿನ ಚೌಕಟ್ಟುಗಳಲ್ಲಿ ಈ ಲೆಕ್ಕ ಸಾಲದು. ಸೀಟಿನಿಂದ ಹ್ಯಾಂಡಲಿಗಿರುವ ದೂರವನ್ನೇ ಮುಖ್ಯವಾಗಿ ನೋಡಬೇಕು. ಆ ದೂರ ಹೆಚ್ಚಾದರೆ ಕತ್ತು, ಬೆನ್ನು ನೋಯುವುವು. ಒಂದೆರಡು ಸೆಂಟಿಮೀಟರಿನ ವ್ಯತ್ಯಾಸವನ್ನು ಹ್ಯಾಂಡಲಿನ ಕತ್ತು ಬದಲಾಯಿಸಿ ತಿದ್ದಬಹುದು, ಅದಕ್ಕೂ ಮೀರಿದ್ದನ್ನು ತಿದ್ದಲಾಗದು. "ಬೆಳೆಯುವ ಹುಡುಗ, ದೊಡ್ಡದೇ ಇರಲಿ" ಎಂಬ ತಂದೆತಾಯಂದಿರ ಜಾಣತನ ಬೈಸಿಕಲ್ಲಿನಲ್ಲಿ ಅಪಾಯಕರ.

ಸೀರೆ, ಚೂಡಿದಾರಗಳಲ್ಲಿ ಸವಾರಿ ಮಾಡುವ ಮಹಿಳೆಯರಿಗೂ, ಕಾಲನ್ನು ಎತ್ತರಕ್ಕೆ ತೂಗಲಾಗದ ಹಿರಿಯರಿಗೂ ಬಾರು ತಗ್ಗಿದ ಚೌಕಟ್ಟು ಅನುಕೂಲ. ಬಾರನ್ನು ತಗ್ಗಿಸಿದಾಗ ತ್ರಿಕೋನದ ಬಲ ಸ್ವಲ್ಪ ಕುಂದುವುದು. ಫ್ರೆಂಚರ ‘ಮಿಕ್ಸ್ಟ್’ ಚೌಕಟ್ಟಿನಲ್ಲಿ ಹ್ಯಾಂಡಲಿನ ಬಳಿಯಿಂದ ಹಿಂದಿನ ಅಚ್ಚಿನವರೆಗೆ ಎರಡು ತೆಳುಗೊಳವೆಗಳು ನೇರ ಇಳಿದು ಆ ಬಲವನ್ನು ಬಹುಮಟ್ಟಿಗೆ ಮರಳಿಸುವುವು. ಮನೆಮಂದಿಯೆಲ್ಲ ಒಂದನ್ನೇ ಬಳಸುವುದಾದರೆ ಇಂಥದೇ ಲೇಸು.

ಮುಂಗಾರು, ಹಿಂಗಾರು, ಕಡಲಗಾಳಿ

ಉಕ್ಕಿನ ವೈರಿ ನೀರು. ವರ್ಷಕ್ಕೆ ಸುಮಾರು 1,000 ಮಿಲಿಮೀಟರು ಮಳೆ ಬೀಳುವ ಬೆಂಗಳೂರಿಗೂ, 7,000ಕ್ಕೆ ಮಿಕ್ಕು ಸುರಿಯುವ ಆಗುಂಬೆಗೂ, ಉಪ್ಪುಗಾಳಿಯ ಮಂಗಳೂರು ಕಾರವಾರಗಳಿಗೂ ಒಂದೇ ಆರೈಕೆ ಸಾಲದು. ತುಕ್ಕು ಹೊರಗಿಗಿಂತ ಒಳಗಿನಿಂದ ಹೆಚ್ಚು ಕೊರೆಯುವುದು. ಸೀಟಿನ ಕೊಳವೆಯ ಬಾಯಿಂದ ಇಳಿದ ನೀರು ಪೆಡಲಿನ ಅಚ್ಚಿನ ಬಳಿ ನಿಲ್ಲುವುದು. ಅಲ್ಲಿ ಕೆಳಗೆ ನೀರು ಸೋರುವ ಸಣ್ಣ ತೂತಿದೆಯೆ ಎಂದು ಕೊಳ್ಳುವಾಗಲೇ ನೋಡಬೇಕು. ಮುಂಗಾರಿಗೆ ಮೊದಲು ಸೀಟಿನ ದಂಡವನ್ನು ಹೊರತೆಗೆದು ಗ್ರೀಸು ಬಳಿಯುವುದು, ಕೊಳವೆಯ ಒಳಮೈಗೆ ಎಣ್ಣೆ ಸಿಂಪಡಿಸುವುದು, ಬಣ್ಣ ಕಿತ್ತಲ್ಲಿ ಕೂಡಲೇ ಬಣ್ಣ ಹಚ್ಚುವುದು ಇಷ್ಟು ಮಾಡಿದರೆ ಉಕ್ಕಿನ ಚೌಕಟ್ಟು ತಂದೆಯಿಂದ ಮಗಳಿಗೆ ಸಲ್ಲುವುದು. ಅಲ್ಯೂಮಿನಿಯಮ್ಮಿನ ಚೌಕಟ್ಟಿಗೂ ಸೀಟಿನ ದಂಡದ ಗ್ರೀಸು ಅವಶ್ಯ. ಇಲ್ಲವಾದರೆ ಎರಡೂ ಲೋಹಗಳು ಕಚ್ಚಿಕೊಂಡು ಬಿಡಿಸಲಾಗದಂತಾಗುವುವು.

ಕೊಳ್ಳುವ ದಿನ

ಅಂಗಡಿಯಲ್ಲಿ ಹತ್ತು ನಿಮಿಷದ ತಾಳ್ಮೆ ಹತ್ತು ವರ್ಷದ ಸುಖಕ್ಕೆ ಮೂಲ. ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿಗೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಇಳಿದು ನಿಂತಾಗ ಬಾರಿಗೂ ದೇಹಕ್ಕೂ ನಡುವೆ ಎರಡು ಮೂರು ಅಂಗುಲ ಬಿಡುವಿರಬೇಕು. ನಿಧಾನವಾಗಿ ತಿರುಗಿಸುವಾಗ ಪಾದದ ತುದಿ ಮುಂಚಕ್ರಕ್ಕೆ ತಾಗಕೂಡದು. ಹಳೆಯ ಬೈಸಿಕಲ್ಲಾದರೆ ಬೆಸುಗೆಗಳ ಸುತ್ತ ಕೂದಲೆಳೆಯಂಥ ಬಿರುಕಿದೆಯೆ ಎಂದು ಬೆಳಕಿನಲ್ಲಿ ನೋಡಬೇಕು. ಮತ್ತೊಂದು ಪರೀಕ್ಷೆಗೆ ಒಂದು ಮಾರು ದಾರ ಸಾಕು. ಹಿಂದಿನ ಅಚ್ಚಿನ ಒಂದು ಬದಿಗೆ ಅದನ್ನು ಕಟ್ಟಿ, ಹ್ಯಾಂಡಲಿನ ಕೊಳವೆಯನ್ನು ಸುತ್ತಿಸಿ, ಮತ್ತೊಂದು ಬದಿಗೆ ಬಿಗಿಯಾಗಿ ಎಳೆದು ತರಬೇಕು. ಸೀಟಿನ ಕೊಳವೆಯಿಂದ ದಾರಕ್ಕಿರುವ ದೂರ ಎರಡೂ ಪಕ್ಕಕ್ಕೆ ಸಮನಾಗಿದ್ದರೆ ಚೌಕಟ್ಟು ನೇರವಾಗಿದೆ. ಇಲ್ಲವಾದರೆ ಎಲ್ಲೋ ಬಿದ್ದು ಸೊಟ್ಟಗಾಗಿದೆಯೆಂದೇ ತಿಳಿಯಬೇಕು.

ಬಣ್ಣ ಮಾಸುವುದು, ಟೈರು ಸವೆಯುವುದು, ಚೈನು ಸಡಿಲುವುದು, ಇವೆಲ್ಲ ಕಾಲಧರ್ಮ. ಅವನ್ನು ಬದಲಾಯಿಸಲು ಬೀದಿಯ ತಿರುವಿನಲ್ಲಿ ಅಂಗಡಿಯುಂಟು. ಆದರೆ ಮಳೆಯ ಸಂಜೆ ಕಚೇರಿಯಿಂದ ಒಣಗಿದ ಬೆನ್ನಿನಲ್ಲಿ ಮನೆ ಸೇರುವುದೂ, ರಜೆ ಬಂದೊಡನೆ ಚೀಲ ಬಿಗಿದು ಅದೇ ಬೈಸಿಕಲ್ಲಿನಲ್ಲಿ ಘಟ್ಟದ ಕಡೆಗೆ ಹೊರಡುವುದೂ ಸಾಧ್ಯವೋ ಅಲ್ಲವೋ ಎಂಬುದು ಕೊಂಡ ದಿನವೇ ತೀರ್ಮಾನವಾಗಿರುವುದು. ಆ ತೀರ್ಮಾನವನ್ನು ಬಣ್ಣಕ್ಕೂ ತಕ್ಕಡಿಗೂ ಬಿಡದೆ, ಅಳತೆಯ ಪಟ್ಟಿ ಹಿಡಿದು ತಾವೇ ಮಾಡುವುದು ಜಾಣತನ.